ಬೋರಘಾಟದಿಂದ ರಾಂಜಣಗಾಂವಿಗೆ: ವಾಹನಗಳಲ್ಲಿ ವಿದ್ಯುತ್ ಹಂಚಿಕೆಯ ಇತಿಹಾಸ

೧

ವಾಹನಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಎಂಜಿನಿನ ಬಲವನ್ನೂ ಓಟದ ವೇಗವನ್ನೂ ಕುರಿತು ಬರೆಯುತ್ತಾರೆ. ವಾಹನಕ್ಕೆ ಬೇಕಾದ ವಿದ್ಯುತ್ತು ಎಲ್ಲಿಂದ ಬಂದಿತು, ಯಾವ ತಂತಿಯ ಮೂಲಕ ಎಷ್ಟು ಒತ್ತಡದಲ್ಲಿ ಹಂಚಿಹೋಯಿತು, ದಾರಿಯಲ್ಲಿ ಎಷ್ಟು ನಷ್ಟವಾಯಿತು ಎಂಬ ಪ್ರಶ್ನೆಗಳು ಎಂಜಿನಿಯರರ ಕಡತಗಳಲ್ಲಿಯೇ ಉಳಿದುಬಿಡುತ್ತವೆ. ಪುಣೆಯಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಮಾತ್ರ ಈ ಪ್ರಶ್ನೆಗಳು ಎರಡು ಕಾರಣಗಳಿಂದ ಹತ್ತಿರದವು. ಮೊದಲನೆಯದಾಗಿ, ಈ ವಿದ್ಯೆಯು ಕಳೆದ ನೂರು ವರ್ಷಗಳಲ್ಲಿ ದಾಟಿಬಂದ ಹಂತಗಳನ್ನೆಲ್ಲ ಪುಣೆಯ ಸುತ್ತಮುತ್ತಲಲ್ಲಿಯೇ ಕಾಣಬಹುದು. ಎರಡನೆಯದಾಗಿ, ಇಲ್ಲಿಯ ಘಟ್ಟಗಳಲ್ಲಿ ವಿದ್ಯುತ್ತಾಗಿ ಮಾರ್ಪಟ್ಟ ನೀರು, ತಡೆಯದೆ ಬಿಟ್ಟಿದ್ದರೆ, ಭೀಮೆಯನ್ನು ಸೇರಿ ಕನ್ನಡನಾಡಿಗೆ ಹರಿಯಬೇಕಾಗಿದ್ದ ನೀರು. ಆದುದರಿಂದ ವಿದ್ಯುತ್ತನ್ನು ಮಿತವಾಗಿ ಹಂಚುವ ಕಲೆಯು ನಮ್ಮ ಪಾಲಿಗೆ ಕೇವಲ ಯಂತ್ರಶಾಸ್ತ್ರದ ವಿಷಯವಾಗಿ ಉಳಿಯುವುದಿಲ್ಲ.

ವಿಷಯಪ್ರವೇಶಕ್ಕೆ ಮುನ್ನ ಒಂದು ತತ್ತ್ವವನ್ನು ನೆನಪಿಗೆ ತಂದುಕೊಳ್ಳಬೇಕು. ವಿದ್ಯುತ್ತಿನ ಸಾಮರ್ಥ್ಯವು ಅದರ ಒತ್ತಡ ಮತ್ತು ಪ್ರವಾಹಗಳ ಗುಣಲಬ್ಧ. ವೋಲ್ಟುಗಳನ್ನು ಆಂಪಿಯರುಗಳಿಂದ ಗುಣಿಸಿದರೆ ವಾಟುಗಳು ದೊರೆಯುತ್ತವೆ. ಅಷ್ಟೇ ಸಾಮರ್ಥ್ಯವನ್ನು ಹೆಚ್ಚು ಒತ್ತಡದಲ್ಲಿ ಕಳಿಸಿದರೆ ಪ್ರವಾಹವು ಕಡಿಮೆಯಾಗುತ್ತದೆ. ತಂತಿಯು ಬಿಸಿಯಾಗಿ ಆಗುವ ನಷ್ಟವಾದರೋ ಪ್ರವಾಹದ ವರ್ಗವನ್ನು ಅನುಸರಿಸುತ್ತದೆ. ಒತ್ತಡವನ್ನು ಇಮ್ಮಡಿ ಮಾಡಿದರೆ ಅದೇ ತಂತಿಯಲ್ಲಿ ನಷ್ಟವು ಕಾಲುಭಾಗಕ್ಕೆ ಇಳಿಯುತ್ತದೆ. ನಾಲ್ಮಡಿ ಮಾಡಿದರೆ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮುಂದೆ ಹೇಳಲಿರುವ ಇತಿಹಾಸವೆಲ್ಲ ಈ ಒಂದು ಲೆಕ್ಕದ ವಿಸ್ತಾರವೆಂದರೆ ತಪ್ಪಾಗಲಾರದು.

ಈ ಲೆಕ್ಕವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ ಕೀರ್ತಿಯಲ್ಲಿ ಕನ್ನಡನಾಡಿಗೆ ಮೊದಲ ಪಾಲಿದೆ. ದಿವಾನ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಯೋಜನೆಯು ೧೯೦೨ರಲ್ಲಿ ಕಾರ್ಯಾರಂಭ ಮಾಡಿತು. ಅದನ್ನು ಕಣ್ಣಾರೆ ಕಾಣುವ ಮೊದಲೇ, ೧೯೦೧ರಲ್ಲಿ, ಅಯ್ಯರ್ ಅವರು ತೀರಿಕೊಂಡಿದ್ದರು. ಕಾವೇರಿಯ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ ೯೨ ಮೈಲು ದೂರ. ಅಷ್ಟು ದೂರಕ್ಕೆ ಶಕ್ತಿಯನ್ನು ಸಾಗಿಸುವುದಕ್ಕಾಗಿ ೩೦,೦೦೦ ವೋಲ್ಟಿಗೆ ಕಡಿಮೆಯಿಲ್ಲದ ಒತ್ತಡವನ್ನು ಬಳಸಲಾಯಿತು. ಒತ್ತಡವು ಕೆಲವೇ ನೂರು ವೋಲ್ಟುಗಳಷ್ಟಿದ್ದರೆ ಲೋಕದ ತಾಮ್ರವನ್ನೆಲ್ಲ ಎಳೆದು ತಂತಿ ಮಾಡಿದರೂ ಗಣಿಯ ಚಕ್ರಗಳು ತಿರುಗುತ್ತಿರಲಿಲ್ಲ. ನೆಲದ ಮೇಲೆ ನೆಟ್ಟ ಕಂಬಗಳಲ್ಲಿ ಸುಲಭವಾಗಿ ಸಾಧಿಸಿದ ಈ ಮಾತನ್ನು ಓಡುವ ವಾಹನದಲ್ಲಿ ಸಾಧಿಸುವುದು ಮಾತ್ರ ಬಹು ಕಾಲದವರೆಗೆ ಕಷ್ಟವಾಗಿಯೇ ಉಳಿಯಿತು. ಆ ಕಷ್ಟವನ್ನು ಅರಿಯಬೇಕಾದರೆ ಬೋರಘಾಟಕ್ಕೆ ಬರಬೇಕು.

೨

ಕರ್ಜತದಿಂದ ಲೋಣಾವಳೆಯವರೆಗಿನ ಘಟ್ಟದ ದಾರಿಯಲ್ಲಿ ೧೮೬೩ರಲ್ಲಿ ರೈಲು ಓಡತೊಡಗಿತು. ಸುಮಾರು ೨೮ ಕಿಲೋಮೀಟರಿನ ಈ ಏರಿನಲ್ಲಿ ಕೆಲವೆಡೆ ಮೂವತ್ತೇಳು ಅಡಿ ಮುಂದೆ ಹೋಗುವಷ್ಟರಲ್ಲಿ ಒಂದಡಿ ಮೇಲೇರಬೇಕು. ಉಗಿಬಂಡಿಯ ಕಾಲದಲ್ಲಿ ಗಾಡಿಯ ಹಿಂದೆ ಹೆಚ್ಚಿನ ಎಂಜಿನುಗಳನ್ನು ಜೋಡಿಸಿ ನೂಕಬೇಕಾಗುತ್ತಿತ್ತು. ಸುರಂಗಗಳಲ್ಲಿ ತುಂಬುವ ಹೊಗೆ, ಏರುವಾಗ ಸುಡುವ ಕಲ್ಲಿದ್ದಲು, ಇಳಿಯುವಾಗ ಕಾದು ಸವೆಯುವ ಬ್ರೇಕಿನ ಕಟ್ಟೆಗಳು, ಇವು ಅಂದಿನ ನಿತ್ಯದ ತೊಂದರೆಗಳು.

ಭಾರತದ ಮೊದಲ ವಿದ್ಯುತ್ ರೈಲು ೧೯೨೫ರ ಫೆಬ್ರುವರಿ ೩ರಂದು ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ಓಡಿತು. ಜಿ.ಐ.ಪಿ. ರೈಲ್ವೆಯವರು ಅದೇ ಪದ್ಧತಿಯನ್ನು ಘಟ್ಟದ ಮೇಲೆಯೂ ಮುಂದುವರಿಸಿ ೧೯೨೯ರಲ್ಲಿ ಪುಣೆಯವರೆಗೆ ತಂತಿಯನ್ನು ಎಳೆದರು. ೧೯೩೦ರ ಜೂನ್ ೧ರಂದು ಡೆಕ್ಕನ್ ಕ್ವೀನ್ ಗಾಡಿಯು ತನ್ನ ಓಟವನ್ನು ಆರಂಭಿಸಿತು. ಸರಕಿನ ಗಾಡಿಗಳನ್ನು ಎಳೆಯುವುದಕ್ಕೆ ಯುರೋಪಿನಿಂದ ತರಿಸಿದ, ನಡುವೆ ಕೀಲುಗಳಿಂದ ಬಾಗುವ ಉದ್ದ ಮೂತಿಯ ಎಂಜಿನುಗಳನ್ನು ಇಲ್ಲಿಯ ರೈಲ್ವೆಯ ಜನರು 'ಖೇಕಡಾ', ಎಂದರೆ ಏಡಿ, ಎಂದು ಕರೆಯುತ್ತಿದ್ದರು.

ಈ ಏಡಿಗಳಲ್ಲಿ ಗಮನಿಸತಕ್ಕ ಒಂದು ಗುಣವಿತ್ತು. ಘಟ್ಟವನ್ನು ಇಳಿಯುವಾಗ ಅವುಗಳ ಮೋಟಾರುಗಳು ಡೈನಮೋಗಳಾಗಿ ತಿರುಗಿ, ಗಾಡಿಯ ವೇಗವನ್ನು ತಡೆಯುತ್ತ, ಹುಟ್ಟಿದ ವಿದ್ಯುತ್ತನ್ನು ಮೇಲಿನ ತಂತಿಗೆ ಮರಳಿಸುತ್ತಿದ್ದವು. ಆ ಹೊತ್ತಿಗೆ ಏರುತ್ತಿರುವ ಮತ್ತೊಂದು ಗಾಡಿಗೆ ಅದು ನೆರವಾಗುತ್ತಿತ್ತು. ಇಂದು ವಿದ್ಯುತ್ ಮೋಟಾರುಗಳ ಜಾಹೀರಾತುಗಳಲ್ಲಿ ಹೊಸದೆಂಬಂತೆ ಹೊಗಳಿಸಿಕೊಳ್ಳುವ ಈ ಮರುಗಳಿಕೆಯ ಉಪಾಯವು ನಮ್ಮ ಘಟ್ಟದಲ್ಲಿ ಶತಮಾನಕ್ಕೆ ಸಮೀಪದಷ್ಟು ಹಳೆಯದು.

ಆದರೆ ಆ ಪದ್ಧತಿಯ ಒತ್ತಡವು ೧,೫೦೦ ವೋಲ್ಟು ಮಾತ್ರ, ಅದೂ ಏಕಮುಖ ಪ್ರವಾಹ. ಬಂಡಿಯನ್ನು ಎಳೆಯಬಲ್ಲ ಮೋಟಾರುಗಳು ಆಗ ಇಂಥ ಪ್ರವಾಹವನ್ನೇ ಬೇಡುತ್ತಿದ್ದವು. ಏಕಮುಖ ಪ್ರವಾಹದ ಒತ್ತಡವನ್ನು ಬೇಕಾದಂತೆ ಏರಿಸಿ ಇಳಿಸುವ ಸರಳ ಸಾಧನವನ್ನು ಎಂಜಿನಿನೊಳಗೆ ಇಡುವುದು ಸಾಧ್ಯವಿರಲಿಲ್ಲ. ಆದಕಾರಣ ಮೋಟಾರಿಗೆ ತಕ್ಕ ಒತ್ತಡವೇ ದಾರಿಯುದ್ದಕ್ಕೂ ತಂತಿಯ ಒತ್ತಡವಾಯಿತು. ಇದರ ಬೆಲೆಯೇನೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ೩,೦೦೦ ಕಿಲೋವಾಟನ್ನು, ಎಂದರೆ ಸುಮಾರು ೪,೦೦೦ ಅಶ್ವಶಕ್ತಿಯನ್ನು, ೧,೫೦೦ ವೋಲ್ಟಿನಲ್ಲಿ ಪಡೆಯಬೇಕಾದರೆ ೨,೦೦೦ ಆಂಪಿಯರ್ ಪ್ರವಾಹ ಬೇಕು. ಅಷ್ಟನ್ನು ತಡೆದುಕೊಳ್ಳುವುದಕ್ಕೆ ದಪ್ಪ ತಾಮ್ರದ ತಂತಿಗಳೂ ಕೆಲವೇ ಮೈಲುಗಳಿಗೊಂದು ಉಪಕೇಂದ್ರವೂ ಅವಶ್ಯವಾದವು.

ಭಾರತೀಯ ರೈಲ್ವೆಯು ೧೯೫೭ರಲ್ಲಿ ಫ್ರಾನ್ಸಿನ ಅನುಭವವನ್ನು ನೋಡಿ ೨೫,೦೦೦ ವೋಲ್ಟಿನ ಪರ್ಯಾಯ ಪ್ರವಾಹವನ್ನು ಸ್ವೀಕರಿಸಲು ನಿರ್ಧರಿಸಿತು. ಈ ಪದ್ಧತಿಯಲ್ಲಿ ಒತ್ತಡವನ್ನು ಇಳಿಸುವ ಟ್ರಾನ್ಸ್‌ಫಾರ್ಮರೂ ಪ್ರವಾಹವನ್ನು ಏಕಮುಖವಾಗಿಸುವ ಸಾಧನವೂ ಎಂಜಿನಿನ ಹೊಟ್ಟೆಯಲ್ಲಿಯೇ ಇರುತ್ತವೆ. ಮೇಲಿನ ಅದೇ ೩,೦೦೦ ಕಿಲೋವಾಟಿಗೆ ಈಗ ೧೨೦ ಆಂಪಿಯರ್ ಸಾಕು. ಉಪಕೇಂದ್ರಗಳು ನಲವತ್ತು ಐವತ್ತು ಕಿಲೋಮೀಟರಿಗೊಂದು ಇದ್ದರೂ ನಡೆಯುತ್ತದೆ. ಆದರೂ ಮುಂಬಯಿ–ಪುಣೆ ದಾರಿಯು ಹಳೆಯ ಪದ್ಧತಿಯಲ್ಲಿಯೇ ಬಹುಕಾಲ ಮುಂದುವರಿಯಿತು. ಮೊದಲು ಬಂದವರಿಗೆ ಮೊದಲಿನ ಸಲಕರಣೆಯೇ ಸಂಕೋಲೆಯಾಗುವುದುಂಟು. ಎರಡೂ ಒತ್ತಡಗಳಲ್ಲಿ ಓಡಬಲ್ಲ ವಿಶೇಷ ಎಂಜಿನುಗಳನ್ನು ನಿರ್ಮಿಸಿ, ಹಂತಹಂತವಾಗಿ ತಂತಿಗಳನ್ನು ಬದಲಿಸುತ್ತ, ಮುಂಬಯಿಯ ತುದಿಯ ಕೊನೆಯ ತುಣುಕನ್ನು ಮಾರ್ಪಡಿಸಿದ್ದು ೨೦೧೫ರಲ್ಲಿ.

೩

ಘಟ್ಟದಲ್ಲಿ ರೈಲಿಗೆ ತಂತಿ ಎಳೆದ ಆ ಕಾಲದಲ್ಲಿಯೇ ಅದೇ ಘಟ್ಟದ ನೀರನ್ನು ವಿದ್ಯುತ್ತಾಗಿ ಮಾರ್ಪಡಿಸುವ ಉದ್ಯಮವೂ ಬೆಳೆಯಿತು. ತಾತಾ ಮನೆತನದವರು ೧೯೧೫ರಲ್ಲಿ ಖೋಪೋಲಿಯಲ್ಲಿ, ೧೯೨೨ರಲ್ಲಿ ಭಿವಪುರಿಯಲ್ಲಿ, ೧೯೨೭ರಲ್ಲಿ ಭಿರಾದಲ್ಲಿ ಜಲವಿದ್ಯುತ್ ಕೇಂದ್ರಗಳನ್ನು ಆರಂಭಿಸಿದರು. ಈ ಶಕ್ತಿಯು ಮುಖ್ಯವಾಗಿ ಮುಂಬಯಿಗಾಗಿ. ರೈಲ್ವೆಯವರು ಠಾಕುರ್ಲಿಯ ಬಳಿ ತಮ್ಮದೇ ಆದ ಕಲ್ಲಿದ್ದಲ ಕೇಂದ್ರವನ್ನೂ ಕಟ್ಟಿಕೊಂಡರು.

ಭಿರಾ ಕೇಂದ್ರಕ್ಕೆ ನೀರೊದಗಿಸುವ ಜಲಾಶಯವು ಪುಣೆಯ ಪಶ್ಚಿಮಕ್ಕಿರುವ ಮುಳಶಿಯಲ್ಲಿದೆ. ತಮ್ಮ ಭತ್ತದ ಗದ್ದೆಗಳೂ ಹಳ್ಳಿಗಳೂ ಮುಳುಗುವುದನ್ನು ಕಂಡ ಮಾವಳದ ರೈತರು ೧೯೨೧ರಲ್ಲಿ ಸತ್ಯಾಗ್ರಹವನ್ನು ಹೂಡಿದರು. ಪಾಂಡುರಂಗ ಮಹಾದೇವ ಬಾಪಟರು ಅದರ ಮುಂದಾಳುಗಳಾಗಿ ಸೆರೆಮನೆಯನ್ನು ಕಂಡರು. 'ಸೇನಾಪತಿ' ಎಂಬ ಹೆಸರು ಅವರಿಗೆ ನಿಂತಿತು. ಸತ್ಯಾಗ್ರಹವು ಸೋತಿತು, ಆಣೆಕಟ್ಟು ಎದ್ದಿತು. ಅಣೆಕಟ್ಟುಗಳನ್ನು ಕುರಿತು ಮುಂದೆ ದೇಶದಲ್ಲಿ ನಡೆದ ಚರ್ಚೆಗಳಲ್ಲಿ ಮುಳಶಿಯ ಹೆಸರು ಮತ್ತೆ ಮತ್ತೆ ಬಂದಿರುವುದು ಈ ಕಾರಣದಿಂದಲೇ.

ಕನ್ನಡಿಗರು ಇಲ್ಲಿ ಇನ್ನೊಂದು ಸಂಗತಿಯನ್ನು ಲಕ್ಷ್ಯದಲ್ಲಿಡಬೇಕು. ಮುಳಶಿಯ ನದಿಯೇ ಪುಣೆಯಲ್ಲಿ ಮುಠಾ ನದಿಯನ್ನು ಕೂಡುವ ಮುಳಾ. ಲೋಣಾವಳೆಯ ಹತ್ತಿರದಲ್ಲಿ ಹುಟ್ಟುವುದು ಇಂದ್ರಾಯಣಿ. ಇವೆಲ್ಲ ಕೊನೆಗೆ ಸೇರುವುದು ಭೀಮೆಯನ್ನು. ಭೀಮೆಯು ವಿಜಯಪುರ, ಕಲಬುರಗಿ, ಯಾದಗಿರಿಗಳ ಸೀಮೆಯಲ್ಲಿ ಹರಿದು ಕೃಷ್ಣೆಯನ್ನು ಕೂಡುತ್ತದೆ. ಪೂರ್ವಕ್ಕೆ ಹರಿಯಬೇಕಾದ ನೀರನ್ನು ಘಟ್ಟದ ಅಂಚಿನಲ್ಲಿ ತಡೆದು ಪಶ್ಚಿಮದ ಕೊಂಕಣಕ್ಕೆ ಇಳಿಸುವುದೇ ಈ ಕೇಂದ್ರಗಳ ರಹಸ್ಯ. ಆ ಕಡೆಗೆ ಕಡಿದಾದ ಇಳಿತವಿರುವುದರಿಂದ ನೀರಿನ ಪ್ರತಿ ಹನಿಗೂ ಹೆಚ್ಚು ಶಕ್ತಿ ದೊರೆಯುತ್ತದೆ. ಆದರೆ ಆ ಹನಿಯು ಭೀಮೆಗೆ ಮರಳುವುದಿಲ್ಲ. ೧೯೬೯ರಲ್ಲಿ ರಚಿತವಾದ ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು ಹೀಗೆ ಪಶ್ಚಿಮಕ್ಕೆ ತಿರುಗುವ ನೀರಿಗೆ ಮಿತಿಯನ್ನು ಗೊತ್ತುಪಡಿಸಬೇಕಾಯಿತು.

ಈ ಮಾತನ್ನು ಅತಿಯಾಗಿ ಎಳೆಯಬಾರದು. ಘಟ್ಟದ ರೈಲು ಕಲ್ಲಿದ್ದಲ ವಿದ್ಯುತ್ತಿನಿಂದಲೂ ಓಡಿತು. ಇಂದಂತೂ ನೀರು, ಕಲ್ಲಿದ್ದಲು, ಗಾಳಿ, ಬಿಸಿಲುಗಳಿಂದ ಹುಟ್ಟಿದ ಶಕ್ತಿಯೆಲ್ಲ ಒಂದೇ ಜಾಲದಲ್ಲಿ ಬೆರೆತುಹೋಗುತ್ತದೆ. ಆದರೂ ತಂತಿಯನ್ನು ವ್ಯರ್ಥವಾಗಿ ಕಾಯಿಸಿದ ಪ್ರತಿಯೊಂದು ಯೂನಿಟ್ಟಿನ ಹಿಂದೆ ಎಲ್ಲಿಯೋ ಒಂದು ಗದ್ದೆ, ಒಂದು ಗಣಿ, ಒಂದು ಹೊಳೆ ಇದ್ದೇ ಇರುತ್ತದೆ. ಹಂಚಿಕೆಯ ನಷ್ಟವನ್ನು ತಗ್ಗಿಸುವುದೆಂದರೆ ಅವರ ಮೇಲಿನ ಭಾರವನ್ನು ತಗ್ಗಿಸುವುದೆಂದೇ ಅರ್ಥ.

೪

ಇನ್ನು ಗಾಡಿಯ ಒಳಗೆ ಬರೋಣ. ಎಂಜಿನಿಗೆ ಶಕ್ತಿ ಬಂದಿತು. ಡಬ್ಬಿಯ ದೀಪಕ್ಕೂ ಪಂಖಕ್ಕೂ ಎಲ್ಲಿಂದ? ಹಳೆಯ ಉತ್ತರವೆಂದರೆ ಪ್ರತಿ ಡಬ್ಬಿಯ ಕೆಳಗೂ ಒಂದು ಡೈನಮೋ. ಗಾಲಿಯ ಅಚ್ಚಿಗೆ ಪಟ್ಟೆಯಿಂದ ಜೋಡಿಸಿದ ಆ ಡೈನಮೋ ಓಡುವಾಗ ಬ್ಯಾಟರಿಗಳನ್ನು ತುಂಬಿಸುತ್ತಿತ್ತು. ನಿಂತಾಗ ಬ್ಯಾಟರಿಯು ದೀಪವನ್ನು ಉರಿಸುತ್ತಿತ್ತು. ಪುಣೆಯಿಂದ ಮೀರಜ, ಲೋಂಡಾ, ಹುಬ್ಬಳ್ಳಿಗಳ ಕಡೆಗೆ ಹೋಗುತ್ತಿದ್ದ ಮೀಟರ್ ಗೇಜ್ ಬಂಡಿಯಲ್ಲಿ ಪ್ರವಾಸ ಮಾಡಿದ ಹಿರಿಯರಿಗೆ, ನಿಲ್ದಾಣದಲ್ಲಿ ಬಂಡಿ ಬಹಳ ಹೊತ್ತು ನಿಂತರೆ ಮಂಕಾಗುತ್ತಿದ್ದ ದೀಪಗಳ ನೆನಪಿರಬಹುದು. ಆ ದೀಪದ ಬೆಳಕು ಪುಕ್ಕಟೆಯದಾಗಿರಲಿಲ್ಲ. ಎಂಜಿನು ಡಬ್ಬಿಯನ್ನು ಎಳೆಯುವಾಗ ಡೈನಮೋವಿನ ಎಳೆತವನ್ನೂ ಹೊರಬೇಕಾಗಿತ್ತು. ಅಚ್ಚಿನಿಂದ ಡೈನಮೋ, ಡೈನಮೋದಿಂದ ಬ್ಯಾಟರಿ, ಬ್ಯಾಟರಿಯಿಂದ ದೀಪ, ಹೀಗೆ ಕೈಬದಲಾದಾಗಲೆಲ್ಲ ಒಂದಿಷ್ಟು ಶಕ್ತಿ ಸೋರಿಹೋಗುತ್ತಿತ್ತು.

ಹವಾನಿಯಂತ್ರಣ ಬಂದ ಮೇಲೆ ಈ ಪದ್ಧತಿಯ ಮಿತಿ ಸ್ಪಷ್ಟವಾಯಿತು. ಇಂಥ ಡಬ್ಬಿಗಳ ಕೆಳಗೆ ೨೫ ಕಿಲೋವಾಟಿನ ಆಲ್ಟರ್ನೇಟರುಗಳನ್ನು ಇಡಲಾಯಿತು. ಒತ್ತಡ ಮಾತ್ರ ಸುಮಾರು ೧೧೦ ವೋಲ್ಟು. ೨೫ ಕಿಲೋವಾಟನ್ನು ೧೧೦ ವೋಲ್ಟಿನಲ್ಲಿ ಒಯ್ಯಬೇಕಾದರೆ ೨೨೭ ಆಂಪಿಯರ್ ಪ್ರವಾಹ ಬೇಕು. ೧೯೬೯ರಲ್ಲಿ ಹೌರಾ ಮತ್ತು ದಿಲ್ಲಿಗಳ ನಡುವೆ ರಾಜಧಾನಿ ಗಾಡಿ ಆರಂಭವಾದಾಗ ಬೇರೊಂದು ದಾರಿಯನ್ನು ಹಿಡಿಯಲಾಯಿತು. ಗಾಡಿಯ ತುದಿಯ ವಿದ್ಯುತ್ ಡಬ್ಬಿಯಲ್ಲಿ ಡೀಸೆಲ್ ಯಂತ್ರಗಳನ್ನಿಟ್ಟು, ಅಲ್ಲಿಂದ ಎಲ್ಲ ಡಬ್ಬಿಗಳಿಗೂ ವಿದ್ಯುತ್ತನ್ನು ಹಂಚುವುದು. ಮುಂದೆ ಈ ಹಂಚಿಕೆಯು ೭೫೦ ವೋಲ್ಟಿನ ಮೂರು ಹಂತದ ಪ್ರವಾಹವಾಗಿ ನೆಲೆಗೊಂಡಿತು. ಮೇಲೆ ಹೇಳಿದ ೨೫ ಕಿಲೋವಾಟಿಗೆ ಇಲ್ಲಿ ತಂತಿಯೊಂದರಲ್ಲಿ ಹರಿಯುವುದು ಸುಮಾರು ೨೪ ಆಂಪಿಯರ್ ಅಷ್ಟೇ.

ಹಂಚಿಕೆ ಸುಧಾರಿಸಿತು, ಆದರೆ ಒಂದು ವಿಚಿತ್ರ ಉಳಿಯಿತು. ತಲೆಯ ಮೇಲೆ ೨೫,೦೦೦ ವೋಲ್ಟಿನ ತಂತಿ. ಅದರ ಕೆಳಗೆ ಓಡುವ ಗಾಡಿಯ ತುದಿಯಲ್ಲಿ ದೀಪ ಪಂಖಗಳಿಗಾಗಿ ಡೀಸೆಲ್ ಸುಡುವ ಯಂತ್ರ! ಅದರ ಗದ್ದಲವನ್ನೂ ಹೊಗೆಯನ್ನೂ ಪಕ್ಕದ ಡಬ್ಬಿಯ ಪ್ರವಾಸಿಗಳು ಅನುಭವಿಸಬೇಕಾಗಿತ್ತು. ಎಂಜಿನಿನ ಟ್ರಾನ್ಸ್‌ಫಾರ್ಮರಿನಲ್ಲಿಯೇ ಡಬ್ಬಿಗಳಿಗಾಗಿ ಒಂದು ಪ್ರತ್ಯೇಕ ಸುರುಳಿಯನ್ನು ಸುತ್ತಿ, ಅದರಿಂದ ಬಂದ ಶಕ್ತಿಯನ್ನು ಅರೆವಾಹಕ ಸಾಧನಗಳಿಂದ ೭೫೦ ವೋಲ್ಟಿನ ಮೂರು ಹಂತದ ಪ್ರವಾಹವಾಗಿಸಿ, ಗಾಡಿಯುದ್ದಕ್ಕೂ ಕಳಿಸುವ ಪದ್ಧತಿಯು ಕಳೆದ ಹತ್ತಾರು ವರ್ಷಗಳಲ್ಲಿ ವ್ಯಾಪಕವಾಯಿತು. ಹೊಸ ಶಕ್ತಿಯನ್ನು ಹುಟ್ಟಿಸಿದ್ದೇನೂ ಇಲ್ಲ. ಇದ್ದ ಶಕ್ತಿಗೆ ನೇರವಾದ ದಾರಿಯನ್ನು ತೆರೆದುಕೊಟ್ಟದ್ದು, ಅಷ್ಟೇ. ಡೆಕ್ಕನ್ ಕ್ವೀನ್ ಗಾಡಿಗೂ ೨೦೨೨ರ ಜೂನಿನಲ್ಲಿ ಹೊಸ ಮಾದರಿಯ ಡಬ್ಬಿಗಳು ಬಂದವು.

೫

ರೈಲಿನ ಈ ಕಥೆಯೇ ಚಿಕ್ಕ ಪ್ರಮಾಣದಲ್ಲಿ ಮೋಟಾರು ಗಾಡಿಯಲ್ಲಿಯೂ ನಡೆದಿದೆ. ೧೯೧೨ರಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬವರ ವಿದ್ಯುತ್ ಸ್ಟಾರ್ಟರು ಅಮೆರಿಕೆಯ ಕ್ಯಾಡಿಲಾಕ್ ಕಾರಿಗೆ ಬಂದ ಮೇಲೆ ಬ್ಯಾಟರಿಯು ಕಾರಿನ ಅನಿವಾರ್ಯ ಅಂಗವಾಯಿತು. ಬಹುಕಾಲ ಆರು ವೋಲ್ಟಿನ ಬ್ಯಾಟರಿಯೇ ಸಾಕೆನಿಸಿತ್ತು. ದೊಡ್ಡ ಎಂಜಿನುಗಳು ಬಂದಂತೆ ೧೯೫೦ರ ದಶಕದಲ್ಲಿ ಹನ್ನೆರಡು ವೋಲ್ಟು ರೂಢಿಗೆ ಬಂದಿತು. ಆಗ ಕಾರಿನಲ್ಲಿ ವಿದ್ಯುತ್ತನ್ನು ಬೇಡುವ ಸಾಧನಗಳೆಂದರೆ ದೀಪ, ಹಾರ್ನು, ಒರೆಸುಕೋಲು ಮುಂತಾದ ಕೆಲವೇ.

ಇಂದು ಕಿಟಕಿ, ಕನ್ನಡಿ, ಆಸನ, ಚುಕ್ಕಾಣಿ, ಬ್ರೇಕು, ತಂಪು ಯಂತ್ರ, ಪರದೆ, ಕ್ಯಾಮೆರಾ ಎಲ್ಲವೂ ವಿದ್ಯುತ್ತನ್ನೇ ಅವಲಂಬಿಸಿವೆ. ಒಂದು ಕಿಲೋವಾಟನ್ನು ಬೇಡುವ ಚುಕ್ಕಾಣಿಯ ಮೋಟಾರಿಗೆ ಹನ್ನೆರಡು ವೋಲ್ಟಿನಲ್ಲಿ ೮೩ ಆಂಪಿಯರ್ ಬೇಕು. ಪ್ರತಿ ಸಾಧನಕ್ಕೂ ಒಂದೇ ಫ್ಯೂಸ್ ಪೆಟ್ಟಿಗೆಯಿಂದ ಪ್ರತ್ಯೇಕ ತಂತಿಯನ್ನು ಎಳೆಯುತ್ತ ಹೋದುದರಿಂದ ಕಾರಿನೊಳಗಿನ ತಂತಿಯ ಕಟ್ಟು ಹತ್ತಾರು ಕಿಲೋ ತೂಕದ್ದಾಯಿತು. ಆ ತೂಕವನ್ನು ಹೊರುವುದಕ್ಕೆ ಮತ್ತೆ ಇಂಧನ ಬೇಕು.

ಇದಕ್ಕೆ ಮೂರು ಪರಿಹಾರಗಳು ಒಂದಾದಮೇಲೊಂದು ಬಂದವು. ಮೊದಲನೆಯದು ಸಂದೇಶದ ತಂತಿಗಳನ್ನು ಕಡಿಮೆ ಮಾಡುವುದು. ಜರ್ಮನಿಯ ಬಾಷ್ ಸಂಸ್ಥೆಯು ೧೯೮೬ರಲ್ಲಿ ಪ್ರಕಟಿಸಿದ ಪದ್ಧತಿಯಿಂದ ಹಲವು ಸಾಧನಗಳು ಒಂದೇ ಜೋಡಿ ತಂತಿಯ ಮೇಲೆ ಸರದಿಯಂತೆ ಮಾತನಾಡಿಕೊಳ್ಳುವುದು ಸಾಧ್ಯವಾಯಿತು. ಎರಡನೆಯದು ಒತ್ತಡವನ್ನು ಏರಿಸುವುದು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ೪೨ ವೋಲ್ಟಿನ ಪ್ರಯತ್ನವೊಂದು ನಡೆದು, ಎಲ್ಲ ಬಿಡಿಭಾಗಗಳನ್ನೂ ಬದಲಿಸುವ ವೆಚ್ಚಕ್ಕೆ ಅಂಜಿ ನಿಂತುಹೋಯಿತು. ಅನಂತರ ಬಂದ ೪೮ ವೋಲ್ಟಿನ ಪದ್ಧತಿಯು ನಿಧಾನವಾಗಿ ಬೇರೂರುತ್ತಿದೆ. ಹನ್ನೆರಡರ ನಾಲ್ಮಡಿಯಾದುದರಿಂದ ಅದೇ ತಂತಿಯಲ್ಲಿ ನಷ್ಟವು ಹದಿನಾರರಲ್ಲಿ ಒಂದು ಪಾಲು; ಏಕಮುಖ ಪ್ರವಾಹದಲ್ಲಿ ಮುಟ್ಟಿದರೆ ಅಪಾಯವೆಂದು ಗಣಿಸುವ ೬೦ ವೋಲ್ಟಿನ ಗೆರೆಯನ್ನೂ ಅದು ದಾಟುವುದಿಲ್ಲ. ಮೂರನೆಯದು ವಲಯಗಳಾಗಿ ಹಂಚುವುದು. ಕಾರಿನ ಮೂಲೆ ಮೂಲೆಗೂ ಒಂದು ಚಿಕ್ಕ ಹಂಚಿಕೆಯ ಕೇಂದ್ರವನ್ನಿಟ್ಟು, ಅಲ್ಲಿಯವರೆಗೆ ಒಂದೇ ದಪ್ಪ ತಂತಿಯನ್ನು ಒಯ್ದು, ಅಲ್ಲಿಂದ ಹತ್ತಿರದ ಸಾಧನಗಳಿಗೆ ಗೇಣುದ್ದದ ತಂತಿಗಳನ್ನು ಕೊಡುವುದು. ಕರಗಿಹೋಗುವ ಫ್ಯೂಸಿನ ಬದಲು ಅರೆವಾಹಕದ ಕೀಲಿಯು ಪ್ರವಾಹವನ್ನು ಅಳೆದು, ಅಗತ್ಯವಿಲ್ಲದ ಸಾಧನವನ್ನು ತಾನೇ ಆರಿಸುತ್ತದೆ. ಜಿಲ್ಲೆಯ ಕೆಲಸವನ್ನೆಲ್ಲ ಒಂದೇ ಕಚೇರಿಯಲ್ಲಿಡದೆ ತಾಲೂಕುಗಳಿಗೆ ಹಂಚಿದಂತೆ ಇದು. ಈ ಹೊಸ ರೀತಿಗಳ ಬಳಕೆ ಈಗತಾನೆ ಹರಡುತ್ತಿದೆ; ಅಮೆರಿಕೆಯ ಟೆಸ್ಲಾ ಸಂಸ್ಥೆಯ ೨೦೨೩ರ ಸೈಬರ್‌ಟ್ರಕ್ ಹನ್ನೆರಡನ್ನು ಬಿಟ್ಟು ನಲವತ್ತೆಂಟನ್ನು ಹಿಡಿದುದು ಒಂದು ಗುರುತು.

ವಾಹನಗಳನ್ನು ಪರೀಕ್ಷಿಸುವ ರಾಷ್ಟ್ರೀಯ ಸಂಸ್ಥೆಯಾದ ಎ.ಆರ್.ಎ.ಐ. ಪುಣೆಯಲ್ಲಿ ೧೯೬೬ರಿಂದ ಇದೆ. ಪಿಂಪ್ರಿ, ಆಕುರ್ಡಿ, ಚಿಂಚವಡಗಳ ಕಾರ್ಖಾನೆಗಳು ಕನ್ನಡಿಗರ ಅನೇಕ ಕುಟುಂಬಗಳಿಗೆ ಅನ್ನವನ್ನು ಕೊಟ್ಟಿವೆ. ಹೀಗಾಗಿ ಈ ಬದಲಾವಣೆಗಳು ನಮ್ಮವರಿಗೆ ದೂರದ ಸುದ್ದಿಯಲ್ಲ.

೬

ವಿದ್ಯುತ್ತಿನಿಂದಲೇ ಓಡುವ ಕಾರಿನಲ್ಲಿ ಒತ್ತಡದ ಪ್ರಶ್ನೆಯು ಇನ್ನಷ್ಟು ತೀವ್ರವಾಗುತ್ತದೆ. ಇದರ ಮೊದಲ ಅಧ್ಯಾಯವೂ ಕನ್ನಡನಾಡಿನದೇ. ಚೇತನ್ ಮೈನಿಯವರು ೨೦೦೧ರಲ್ಲಿ ಬೆಂಗಳೂರಿನಲ್ಲಿ ಮಾರಾಟಕ್ಕೆ ತಂದ ರೇವಾ ಕಾರು ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿಕೊಂಡು ೪೮ ವೋಲ್ಟಿನಲ್ಲಿ ಓಡುತ್ತಿತ್ತು. ಅದರ ಮೋಟಾರಿನ ಗರಿಷ್ಠ ಸಾಮರ್ಥ್ಯ ೧೩ ಕಿಲೋವಾಟು. ಪ್ರವಾಹ ಸುಮಾರು ೨೭೦ ಆಂಪಿಯರ್. ಪುಣೆಯ ಬಳಿಯ ರಾಂಜಣಗಾಂವಿನಲ್ಲಿ ತಯಾರಾಗಿ ೨೦೨೦ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ತಾತಾ ನೆಕ್ಸಾನ್ ವಿದ್ಯುತ್ ಕಾರಿನ ಮೋಟಾರು ೯೫ ಕಿಲೋವಾಟಿನದು. ಬ್ಯಾಟರಿಯ ಒತ್ತಡ ೩೨೦ ವೋಲ್ಟು. ಪ್ರವಾಹ ಸುಮಾರು ೩೦೦ ಆಂಪಿಯರ್. ಸಾಮರ್ಥ್ಯವು ಏಳುಮಡಿಯಾದರೂ ಪ್ರವಾಹವು ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ರೇವಾ ಕಾರಿನ ೪೮ ವೋಲ್ಟನ್ನೇ ಮುಂದುವರಿಸಿದ್ದರೆ ಈ ಕಾರಿಗೆ ೨,೦೦೦ ಆಂಪಿಯರಿನಷ್ಟು, ಎಂದರೆ ಮೊದಲು ಘಟ್ಟದ ಎಂಜಿನಿಗೆ ಲೆಕ್ಕ ಹಾಕಿದಷ್ಟೇ, ಪ್ರವಾಹ ಬೇಕಾಗುತ್ತಿತ್ತು. ಅಂಥ ತಂತಿಯನ್ನು ಕಾರಿನಲ್ಲಿ ಹುದುಗಿಸುವುದು ಸಾಧ್ಯವೇ ಇಲ್ಲ.

ಹೆಚ್ಚು ಒತ್ತಡವೇ ಎಲ್ಲೆಡೆಯೂ ಸರಿಯೆಂದು ಮಾತ್ರ ತಿಳಿಯಬಾರದು. ೨೦೧೧ರಲ್ಲಿ ಆರಂಭವಾದ ಬೆಂಗಳೂರಿನ ಮೆಟ್ರೊ ನೆಲಮಟ್ಟದ ಮೂರನೆಯ ಹಳಿಯಿಂದ ೭೫೦ ವೋಲ್ಟಿನ ಏಕಮುಖ ಪ್ರವಾಹವನ್ನು ಪಡೆಯುತ್ತದೆ. ೨೦೨೨ರ ಮಾರ್ಚಿಯಲ್ಲಿ ಆರಂಭವಾದ ಪುಣೆಯ ಮೆಟ್ರೊ ಮೇಲಿನ ತಂತಿಯಿಂದ ೨೫,೦೦೦ ವೋಲ್ಟಿನ ಪರ್ಯಾಯ ಪ್ರವಾಹವನ್ನು ಪಡೆಯುತ್ತದೆ. ಮೊದಲನೆಯದರಲ್ಲಿ ಸುರಂಗವನ್ನು ಕಿರಿದಾಗಿ ತೋಡಬಹುದು, ಬೀದಿಯ ಮೇಲೆ ತಂತಿಗಳ ಜಾಲವಿರುವುದಿಲ್ಲ. ಆದರೆ ಉಪಕೇಂದ್ರಗಳು ಹೆಚ್ಚು ಬೇಕು. ಬ್ರೇಕು ಹಾಕಿದಾಗ ಹುಟ್ಟಿದ ಶಕ್ತಿಯನ್ನು ಸ್ವೀಕರಿಸುವುದಕ್ಕೆ ಸಾಮಾನ್ಯವಾಗಿ ಹತ್ತಿರದಲ್ಲಿ ಇನ್ನೊಂದು ಗಾಡಿ ಓಡುತ್ತಿರಬೇಕು. ಎರಡನೆಯದರಲ್ಲಿ ಆ ಶಕ್ತಿಯು ಟ್ರಾನ್ಸ್‌ಫಾರ್ಮರಿನ ಮೂಲಕ ದೂರದ ಜಾಲಕ್ಕೂ ಮರಳಬಲ್ಲದು. ನಮ್ಮ ತವರಿನ ರಾಜಧಾನಿಯೂ ನಾವು ನೆಲೆನಿಂತ ನಗರವೂ ಒಂದೇ ಪ್ರಶ್ನೆಗೆ ಎರಡು ಉತ್ತರಗಳನ್ನು ಕೊಟ್ಟಿವೆ. ಎರಡಕ್ಕೂ ತಮ್ಮ ತಮ್ಮ ಕಾರಣಗಳಿವೆ.

ಇಷ್ಟರಿಂದ ಫಲಿಸುವ ಮಾತು ಇದು. ಉಗಿಯಿಂದ ವಿದ್ಯುತ್ತಿಗೆ, ೧,೫೦೦ರಿಂದ ೨೫,೦೦೦ಕ್ಕೆ, ಡೈನಮೋದಿಂದ ಮೇಲಿನ ತಂತಿಗೆ, ಹನ್ನೆರಡರಿಂದ ನಲವತ್ತೆಂಟಕ್ಕೆ, ಪ್ರತಿ ಹಂತದಲ್ಲಿಯೂ ನಡೆದುದು ಒಂದೇ ಕೆಲಸ: ಶಕ್ತಿಯನ್ನು ಆದಷ್ಟು ಹೆಚ್ಚು ಒತ್ತಡದಲ್ಲಿ ಬಳಕೆಯ ಸಮೀಪದವರೆಗೆ ಒಯ್ದು, ಕೊನೆಯ ಗಳಿಗೆಯಲ್ಲಿ ತಗ್ಗಿಸುವುದು. ಇದು ೧೯೦೨ರಲ್ಲಿಯೇ ತಿಳಿದಿತ್ತು. ಅದನ್ನು ವಾಹನದೊಳಗೆ ತರುವುದಕ್ಕೆ ನೂರು ವರ್ಷಗಳು ಹಿಡಿದವು, ಏಕೆಂದರೆ ಒತ್ತಡವನ್ನು ತಗ್ಗಿಸುವ ಸಾಧನವು ವಾಹನದಲ್ಲಿ ಹಿಡಿಸುವಷ್ಟು ಚಿಕ್ಕದಾಗಬೇಕಾಗಿತ್ತು. ಮೊದಲು ಪ್ರವಾಹವನ್ನು ಏಕಮುಖವಾಗಿಸುವ ಸಾಧನಗಳೂ ಆಮೇಲೆ ಅಂಗೈಯಗಲದ ಅರೆವಾಹಕಗಳೂ ಆ ಕೆಲಸವನ್ನು ಮಾಡಿಕೊಟ್ಟವು.

ಈ ಇತಿಹಾಸದ ಒಂದು ಭಾಗ ಇನ್ನೂ ಬರೆಯಲ್ಪಟ್ಟಿಲ್ಲ. ಘಟ್ಟದ ಎಂಜಿನುಗಳನ್ನು ದುರಸ್ತಿ ಮಾಡಿದವರು, ಡಬ್ಬಿಯ ಬ್ಯಾಟರಿಗೆ ನೀರೆರೆದವರು, ಪಿಂಪ್ರಿಯಲ್ಲಿ ತಂತಿಯ ಕಟ್ಟುಗಳನ್ನು ಹೆಣೆದವರು, ಇವರಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿಗಳ ಕಡೆಯಿಂದ ಬಂದವರೂ ಉಂಟು. ಅವರು ಕೆಲಸದಲ್ಲಿ ಬಳಸಿದ ಕನ್ನಡ ಮರಾಠಿ ಬೆರೆತ ಮಾತುಗಳನ್ನೂ ಅವರ ಅನುಭವಗಳನ್ನೂ ಅವರಿರುವಾಗಲೇ ಬರೆದಿಟ್ಟುಕೊಳ್ಳುವುದು ನಮ್ಮ ಸಂಘಗಳಿಗೆ ತಕ್ಕ ಕಾರ್ಯ. ಅದರೊಂದಿಗೆ ಮುಳಶಿಯಲ್ಲಿ ಗದ್ದೆ ಕಳೆದುಕೊಂಡವರ ಮಾತನ್ನೂ ಭೀಮಾತೀರದಲ್ಲಿ ನೀರಿಗಾಗಿ ಕಾದವರ ಮಾತನ್ನೂ ಸೇರಿಸಿದರೆ, ಒಂದು ಯೂನಿಟ್ಟು ವಿದ್ಯುತ್ತಿನ ನಿಜವಾದ ಬೆಲೆಯು ಮುಂದಿನವರಿಗೆ ತಿಳಿದೀತು.